ಖಾಲಿಯಾಗದ ಮಗ್ಗ

ಹೊಳೆಯ ದಂಡೆಯ ಮೇಲೆ ಅಡಿವೆಪ್ಪಜ್ಜನ ಮಠ. ಮಠ ಅಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ಒಂದು ಮಣ್ಣಿನ ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ. ಪಡಸಾಲೆಯಲ್ಲಿ ಕುಣಿಮಗ್ಗ.

ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅಜ್ಜ ಸೀರೆ ನೇಯುತ್ತಿದ್ದ. ಮಾರಿ ಬಂದದ್ದರಲ್ಲಿ ತಾನು ಉಣ್ಣುತ್ತಿದ್ದ, ಬಂದವರಿಗೂ ಉಣಿಸುತ್ತಿದ್ದ.

ಆ ಮಠಕ್ಕೆ ಗೂಳಪ್ಪ ಎಂಬ ಪ್ರಾಯದವನು ಬಂದ. ಅಪ್ಪ ಇಲ್ಲ, ಅವ್ವ ಇಲ್ಲ. ಹೊಳೆಯಾಚೆಯ ಊರಿಗೆ ಕೊಟ್ಟ ತಂಗಿ ನೀಲವ್ವ ಒಬ್ಬಳೇ ತನ್ನವಳು. ಅಡತಿ ಅಂಗಡಿಯೊಂದರಲ್ಲಿ ದುಡಿದು, ಯಜಮಾನನ ಬೈಗುಳ ತಿಂದು ತಿಂದು ಸಾಕಾಗಿ ಬಂದಿದ್ದ.

"ಅಜ್ಜಾರ, ಮನಸಿಗೆ ಒಪ್ಪೋ ಕೆಲಸ ಬೇಕು. ಕೈಯಾಗ ನಾಕು ರೊಕ್ಕ ಬೇಕು. ಯಾರ ಹಂಗೂ ಇಲ್ಲದಂಗ ಆರಾಮ ಇರಬೇಕು. ಈ ಮೂರೂ ಒಬ್ಬನಿಗೇ ಸಿಗತಾವೇನ್ರಿ?"

"ಸಿಗತಾವ."

"ಹೆಂಗ್ರಿ?"

"ಮೊದಲ ಕುಣಿಯಾಗ ಕಾಲಿಡು."

ಗೂಳಪ್ಪ ಕಾಲಿಟ್ಟ. ಕೈ ಚುರುಕು, ಕಣ್ಣು ಚುರುಕು. ಲಾಳಿ ಅವನ ಮಾತು ಕೇಳತೊಡಗಿತು. ಕೆಲಸ ಮನಸ್ಸಿಗೆ ಹಿಡಿಸಿತು. ಹಾಡಿಕೊಂಡು ನೇಯುವಷ್ಟು ಹಿಡಿಸಿತು.

ಒಂದೇ ಒಂದು ಸಂಗತಿ ಅವನಿಗೆ ಅರ್ಥವಾಗುತ್ತಿರಲಿಲ್ಲ.

ನೇಕಾರರಲ್ಲಿ ಒಂದು ರೂಢಿ ಉಂಟು. ಮಗ್ಗಕ್ಕೆ ಉದ್ದುದ್ದ ಬಿಗಿದ ಎಳೆಗಳ ಹಾಸು ಮುಗಿಯುತ್ತಾ ಬಂತು ಎನ್ನುವಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಅನ್ನುತ್ತಾರೆ ಅದಕ್ಕೆ. ಕೆಚ್ಚಿದರೆ ಮಗ್ಗ ನಿಲ್ಲುವುದಿಲ್ಲ. ಒಂದು ಸೀರೆಯ ಬೆನ್ನಿಗೆ ಇನ್ನೊಂದು ಬರುತ್ತಲೇ ಇರುತ್ತದೆ.

ಅಜ್ಜ ಮಾತ್ರ ಕೆಚ್ಚುತ್ತಿರಲಿಲ್ಲ. ಹಾಸು ಮುಗಿಯಿತೋ, ಕತ್ತರಿಸಿ ಮಗ್ಗ ಬರಿದು ಮಾಡುತ್ತಿದ್ದ. ಲಾಳಿಯನ್ನು ಗೂಟಕ್ಕೆ ಸಿಕ್ಕಿಸಿ ಎಲ್ಲಿಗೋ ಹೋಗಿಬಿಡುತ್ತಿದ್ದ. ಯಾರದೋ ಮನೆಯ ಮದುವೆಗೆ, ಯಾರದೋ ಮಣ್ಣಿಗೆ, ಇಲ್ಲದಿದ್ದರೆ ಸುಮ್ಮನೆ ಹೊಳೆಗೆ. ತಿರುಗಿ ಬಂದ ಮೇಲೆ ಒಂದೊಂದೇ ಎಳೆಯನ್ನು ಮೊದಲಿನಿಂದ ಪೋಣಿಸುತ್ತಿದ್ದ.

"ಎಷ್ಟು ಹೊತ್ತು ದಂಡ ಆತಲ್ರಿ ಅಜ್ಜಾರ! ಕೆಚ್ಚಿದ್ರ ಆಗಿತ್ತು."

"ಮಗ್ಗ ಖಾಲಿ ಆದ್ರ ನನಗ ಕಾಲು ಅದಾವ ಅಂತ ನೆನಪಾಗತೈತಿ."

ಅಜ್ಜನಿಗೆ ಅರಳುಮರಳು ಎಂದುಕೊಂಡ ಗೂಳಪ್ಪ.

ಶ್ರಾವಣ ಬಂತು. ಪಂಚಮಿ ಹತ್ತಿರವಾಯಿತು. ಆ ಸೀಮೆಯಲ್ಲಿ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ಕರೆದು ತರಬೇಕು. ಕರೆಯದೆ ಅವಳಾಗಿ ತವರಿಗೆ ಬರುವಂತಿಲ್ಲ. ಬಂದವಳಿಗೆ ಉಂಡಿ, ಅರಳು, ಮರಕ್ಕೆ ಕಟ್ಟಿದ ಜೋಕಾಲಿ.

ಅಜ್ಜ ತನ್ನ ಹಾಸು ಕತ್ತರಿಸಿದ. ಹಗ್ಗ ತಂದು ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ.

"ಇದ್ಯಾರಿಗ್ರಿ ಅಜ್ಜಾರ?"

"ನೀಲವ್ವಗ. ಹೋಗಿ ಕರಕೊಂಡು ಬಾ."

ಗೂಳಪ್ಪ ತಲೆ ತಗ್ಗಿಸಿದ. ತಂಗಿ ಸಣ್ಣವಳಿದ್ದಾಗ ಅವಳ ಜೋಕಾಲಿ ತೂಗಲು ಅವನೇ ಬೇಕಿತ್ತು. ಬೇರೆ ಯಾರು ತೂಗಿದರೂ ಅಳುತ್ತಿದ್ದಳು.

"ಬರಿಗೈಲೆ ಹೆಂಗ ಹೋಗ್ಲಿ ಅಜ್ಜಾರ? ಅಕಿ ಅತ್ತಿ ಏನಂತಾಳ? ಅಣ್ಣ ಮಠದಾಗ ಬಿಟ್ಟಿ ಕೂಳು ತಿಂತಾನ ಅನ್ನೂದಿಲ್ಲೇನು? ಅಕಿಗೊಂದು ಸೀರಿ ನೇಯತೀನಿ. ಅದನ್ನ ಉಡಿಸಿ, ಎದಿ ಉಬ್ಬಿಸಿಕೊಂಡು ಕರಕೊಂಡು ಬರತೀನಿ."

"ಅಕಿ ಸೀರಿ ಕೇಳ್ಯಾಳೇನು?"

"ಕೇಳಿಲ್ರಿ. ನನಗ ಮಾನ ಬ್ಯಾಡೇನ್ರಿ?"

ಹಬ್ಬ ಮುಗಿದ ಮೇಲೆ ಯಾರೂ ಕೂರದ ಜೋಕಾಲಿಯನ್ನು ಅಜ್ಜ ಬಿಚ್ಚಿಟ್ಟ.

ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಗೂಳಪ್ಪ ತನ್ನದೇ ಕುಣಿ ತೋಡಿಕೊಂಡ. ತಂಗಿಗೆಂದು ನೇರಳೆ ಬಣ್ಣದ ಸೀರೆಗೆ ಹಾಸು ಹೂಡಿದ. ಎಂಥಾ ಸೀರೆ ಅಂತೀರಿ! ಅಂಚಿನಲ್ಲಿ ಸಣ್ಣ ಸಣ್ಣ ತೇರು, ಸೆರಗು ಕೆಂಪು. ಅಜ್ಜನೂ ಒಮ್ಮೆ ಕೈಯಾಡಿಸಿ ನೋಡಿ, ಭೇಷ್ ಅಂದ.

ಅದೇ ಹೊತ್ತಿಗೆ ಪೇಟೆಯ ಸಾವ್ಕಾರ ಬಂದ. ಸೀರೆ ಕಂಡವನೇ ಬೆಲೆ ಹೇಳಿದ. ಗೂಳಪ್ಪ ಕನಸಿನಲ್ಲೂ ಎಣಿಸದ ಬೆಲೆ ಅದು.

"ಇದು ನಮ್ಮ ತಂಗೀದು, ಸಾವ್ಕಾರ್ರ."

"ತಂಗಿಗಿ ಇನ್ನೊಂದು ನೇಯಿ, ಮಾರಾಯ. ನಿನ್ನ ಕೈ ಎಲ್ಲಿ ಓಡಿಹೋಗತೈತಿ?"

ಹೌದಲ್ಲ ಅನ್ನಿಸಿತು ಗೂಳಪ್ಪನಿಗೆ. ಕೊಟ್ಟುಬಿಟ್ಟ. ಸಾವ್ಕಾರ ಮುಂದಿನ ನೂಲನ್ನು ಅಲ್ಲೇ ಇಳಿಸಿ ಹೋದ. ಗೂಳಪ್ಪ ಬೆರಳಿಗೆ ಬೂದಿ ಹಚ್ಚಿಕೊಂಡು ಕೆಚ್ಚಿದ.

ಆಮೇಲೆ ಅವನ ಮಗ್ಗ ನಿಲ್ಲಲಿಲ್ಲ. ಇಂಥಾ ಕೆಲಸಗಾರ ಈ ಸೀಮೆಯಲ್ಲಿ ಇಲ್ಲ ಎಂಬ ಹೆಸರು ಬಂತು. ರೊಕ್ಕವೂ ಬಂತು. ಅವನಿಗೆ ಸುಖವಾಗಿತ್ತು, ಸುಳ್ಳು ಯಾಕೆ ಹೇಳಬೇಕು?

"ಊಟಕ್ಕ ಏಳೋ ತಮ್ಮಾ."

"ಬಂದೆ ಅಜ್ಜಾರ, ಇದೊಂದು ಮುಗಿಸಿ."

"ಹೊಳಿಗಿ ಬರತೀಯೇನು?"

"ಇದೊಂದು ಮುಗಿಸಿ, ಅಜ್ಜಾರ."

ಮತ್ತೆ ಪಂಚಮಿ ಬಂತು. ಅಜ್ಜ ಮತ್ತೆ ಜೋಕಾಲಿ ಕಟ್ಟಿದ. ಹೊಳೆ ದಾಟಿಸುವ ಅಂಬಿಗರ ದ್ಯಾವಪ್ಪ ಬಂದು ಕುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಗೂಳಪ್ಪಣ್ಣಾ, ನಿನ್ನ ತಂಗಿ ದಂಡಿಗಿ ಬಂದು ಕುಂದರತಾಳ. ನಮ್ಮಣ್ಣ ದೋಣಿಯಾಗ ಅದಾನೇನು ಅಂತ ಕೇಳತಾಳ. ನಾ ಏನು ಹೇಳ್ಲಿ?"

ಗೂಳಪ್ಪನ ಕೈಯಲ್ಲಿ ಲಾಳಿ ತಡೆಯಿತು.

"ಬರೋ ವರ್ಷ ಗ್ಯಾರಂಟಿ ಅಂತ ಹೇಳು. ಇನ್ನೊಂದೀಟು ರೊಕ್ಕ ಕೂಡಲಿ. ನಂದಽ ಒಂದು ಮನಿ ಕಟ್ಟತೀನಿ. ಮಠದ ಅಂಗಳಕ್ಕ ಯಾಕ ಬರಬೇಕು ಅಕಿ? ಅಣ್ಣನ ಮನಿಗಿ ಬರಲಿ. ಆಮ್ಯಾಲ ನನಗ ಯಾವ ತ್ರಾಸೂ ಇಲ್ಲ. ಬೇಕಾದಾಗ ನೇಯತೀನಿ, ಬ್ಯಾಡಾದಾಗ ಬಿಡತೀನಿ."

ದ್ಯಾವಪ್ಪ ಅಜ್ಜನ ಮುಖ ನೋಡಿದ.

"ನಾನಽ ಹೋಗಿ ಕರಕೊಂಡು ಬರ್ಲೇನು, ಗೂಳಪ್ಪಾ?" ಅಂದ ಅಜ್ಜ.

"ಬ್ಯಾಡ್ರಿ ಅಜ್ಜಾರ! ಅಣ್ಣ ಇದ್ದೂ ಬ್ಯಾರೆಯವರು ಕರಿಯಾಕ ಬಂದ್ರ ಅಕಿಗಿ ಅವಮಾನ."

"ಅಕಿಗೋ, ನಿನಗೋ?"

ಲಾಳಿ ಮತ್ತೆ ಓಡಿತು.

ಮುಂದಿನ ಶ್ರಾವಣ ಹತ್ತಿರ ಬಂದಾಗ ಅವನು ನಿಜಕ್ಕೂ ಮನಸ್ಸು ಮಾಡಿದ್ದ. ನೇರಳೆ ಬಣ್ಣದ ಸೀರೆ ಮತ್ತೆ ಹೂಡಿದ್ದ. ಅದೇ ತೇರಿನ ಅಂಚು, ಅದೇ ಕೆಂಪು ಸೆರಗು. ಈ ಸಲ ಬೇಗ ಶುರು ಮಾಡಿದ್ದರೆ ಹಬ್ಬಕ್ಕೆ ಮುಗಿಯುತ್ತಿತ್ತು. ಸಾವ್ಕಾರನ ಅವಸರದ ಕೆಲಸವೊಂದು ನಡುವೆ ಬಂದದ್ದರಿಂದ ಹೂಡುವುದೇ ತಡವಾಯಿತು. ಪಂಚಮಿಯ ಬೆಳಗ್ಗೆ ಸೀರೆ ಅರ್ಧ ಆಗಿತ್ತು.

"ಅರ್ಧ ಇದ್ರ ಇರಲಿ, ಎದ್ದು ಹೋಗು" ಎಂದ ಅಜ್ಜ. ಎಂದೂ ದನಿ ಏರಿಸದವನು ಅವತ್ತು ಗದರಿದ. "ಏಳೋ!"

"ಎರಡು ದಿನ ತಡೀರಿ ಅಜ್ಜಾರ. ಹಬ್ಬ ಆದ ಮ್ಯಾಲ ಹೋದ್ರೂ ತಂಗಿ ತಂಗಿನಽ ಅಲ್ಲೇನ್ರಿ?"

ಬೇವಿನ ಮರದಲ್ಲಿ ಜೋಕಾಲಿ ಗಾಳಿಗೆ ತಾನೇ ತೂಗುತ್ತಿತ್ತು.

ಮಧ್ಯಾಹ್ನ ದ್ಯಾವಪ್ಪ ಬಂದ. ಈ ಸಲ ಅವನು ಕೂರಲಿಲ್ಲ.

"ಗೂಳಪ್ಪಣ್ಣಾ, ಏಳಪ್ಪ. ನೀಲವ್ವಗ ಜ್ವರ ಬಂದಿತ್ತು. ಹೊಳಿ ತುಂಬಿತ್ತು, ದೋಣಿ ಬಿಡಾಕ ಆಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಇವತ್ತು ಮುಂಜಾನೆ..."

ದ್ಯಾವಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡ.

ಗೂಳಪ್ಪ ಆ ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಓಣಿಯಲ್ಲಿ ಹೆಣ್ಣುಮಕ್ಕಳ ಜೋಕಾಲಿಗಳು ಸುಮ್ಮನೆ ಜೋತುಬಿದ್ದಿದ್ದವು. ಹಬ್ಬದ ದಿನವಾದರೂ ಆ ಓಣಿಯಲ್ಲಿ ಯಾರೂ ಆಡಿರಲಿಲ್ಲ.

ನೀಲವ್ವನ ಅತ್ತೆ ಮುದುಕಿ ಅವನನ್ನು ಬೈಯುತ್ತಾಳೆ ಎಂದುಕೊಂಡಿದ್ದ. ಬೈಯಲಿ ಎಂದೇ ಕಾದ. ಅವಳು ಬೈಯಲಿಲ್ಲ. ಒಳಗಿನಿಂದ ಒಂದು ಬಟ್ಟೆಯ ಗಂಟು ತಂದು ಅವನ ಮುಂದಿಟ್ಟಳು.

"ಪಂಚಮಿ ಬಂತು ಅಂದ್ರ ಇದನ್ನ ಕಟ್ಟಿ ಇಡತಿದ್ದಳಪ್ಪ. ನಮ್ಮಣ್ಣ ಬಂದಾಗ ತಡ ಆಗಬಾರದು ಅಂತಿದ್ದಳು. ಹಬ್ಬ ಮುಗದ ಮ್ಯಾಲ ತಾನಽ ಬಿಚ್ಚತಿದ್ದಳು. ಈ ಸಲ ಬಿಚ್ಚಾಕ ಆಗಲಿಲ್ಲ."

"ನೀವು ಏನಾರ ಅಂತೀರಿ ಅಂತ... ಬರಿಗೈಲೆ ಬರಬಾರದು ಅಂತ..."

"ನಾ ಏನನ್ನಲಿ? ನೀ ಬಂದಿದ್ರ ಒಂದು ರೊಟ್ಟಿ ಜಾಸ್ತಿ ಬಡೀತಿದ್ದೆ."

ಗೂಳಪ್ಪ ಗಂಟನ್ನು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತ. ಅವನನ್ನು ಸಮಾಧಾನ ಮಾಡಿದ್ದು ಆ ಮುದುಕಿಯೇ.

ಮಠಕ್ಕೆ ತಿರುಗಿ ಬಂದವನು ಗಂಟನ್ನು ಪಕ್ಕಕ್ಕಿಟ್ಟುಕೊಂಡು ಕುಣಿಯಲ್ಲಿ ಕಾಲಿಳಿಸಿದ. ಅರ್ಧ ಉಳಿದ ಸೀರೆ ನೇಯತೊಡಗಿದ. ಅಜ್ಜ ಬೇಡ ಎನ್ನಲಿಲ್ಲ. ರೊಟ್ಟಿ ತಂದಿಟ್ಟ, ನೀರು ತಂದಿಟ್ಟ, ತನ್ನ ಮಗ್ಗದ ಕಡೆ ಹೋಗಲಿಲ್ಲ.

ಸೀರೆ ಮುಗಿಯುತ್ತಾ ಬಂದಾಗ ಸಾವ್ಕಾರನ ಆಳು ಹೊಸ ನೂಲು ತಂದ.

"ಕೆಚ್ಚಾಕ ಬೂದಿ ತರ್ಲೇನ್ರಿ?"

ಗೂಳಪ್ಪ ತಲೆಯೆತ್ತಿ ನೋಡಿದ. ಆ ಮುಖ ನೋಡಿ ಆಳು ನೂಲು ಹೊತ್ತುಕೊಂಡು ಬಂದ ದಾರಿ ಹಿಡಿದ.

ಕೊನೆಯ ಎಳೆ ಬಿತ್ತು. ಗೂಳಪ್ಪ ಕುಡುಗೋಲು ತೆಗೆದುಕೊಂಡು ಹಾಸು ಕತ್ತರಿಸಿದ. ತನ್ನ ಮಗ್ಗ ಬರಿದಾದದ್ದನ್ನು ಅವನು ನೋಡಿದ್ದು ಅದೇ ಮೊದಲು. ಸೀರೆಯನ್ನು ಮಡಚಿ ತಂಗಿಯ ಗಂಟಿನೊಳಗೆ ಇಟ್ಟ. ಅಲ್ಲಿ ಅವಳ ಒಂದು ಹಳೆಯ ಸೀರೆ, ಒಂದು ಬಾಚಣಿಗೆ, ಅಣ್ಣನಿಗೆಂದು ಕಟ್ಟಿದ ಎಳ್ಳುಂಡಿ. ಮತ್ತೆ ಗಂಟು ಕಟ್ಟಿದ.

ಕುಣಿಯಿಂದ ಮೇಲೇಳಲು ಹೋದ. ಕಾಲು ಜೋಮು ಹಿಡಿದಿದ್ದವು. ಗೋಡೆ ಹಿಡಿದು ಅಂಗಳದ ತನಕ ಬಂದ.

ಅಜ್ಜ ಬೇವಿನ ಮರದ ಕೆಳಗೆ ಜೋಕಾಲಿಯ ಹಗ್ಗ ಬಿಚ್ಚುತ್ತಿದ್ದ. ಮಳೆಗೆ ನೆಂದ ಗಂಟು, ಸಡಿಲಾಗಲೊಲ್ಲದು.

"ಅಜ್ಜಾರ, ಮೂರೂ ಸಿಗತಾವ ಅಂದಿದ್ರಿ."

"ಅಂದಿದ್ದೆ."

"ಕೆಲಸ ಸಿಕ್ತು. ರೊಕ್ಕ ಸಿಕ್ತು. ಈಗ ಮಗ್ಗಾನೂ ಖಾಲಿ ಆತು, ಯಾರ ಹಂಗೂ ಉಳೀಲಿಲ್ಲ. ನಾ ಈಗ ಎಲ್ಲಿಗಿ ಹೋಗ್ಲಿ ಅಜ್ಜಾರ?"

ಅಜ್ಜ ಹಗ್ಗ ಬಿಚ್ಚಿ, ಮೊಣಕೈಗೆ ಸುತ್ತಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಎಲ್ಲಿಗಾದ್ರೂ ಹೋಗು, ತಮ್ಮಾ. ಈಗ ಯಾರೂ ಕಾಯಾಕತ್ತಿಲ್ಲ."