ಆಮೆ ತಡವಾಗಿ ಬಂದ ಮೊಕದ್ದಮೆ

ಕಾಡಿನ ಸರ್ಕಾರಿ ವಕೀಲನಾಗಿದ್ದ ಮರಕುಟಿಗಕ್ಕೆ ಪೆರೋಲ್ ಷರತ್ತು ಮುರಿದವರ ವಿಚಾರಣೆಯೆಂದರೆ ಹಬ್ಬದೂಟ. ಅಂದು ಕಟಕಟೆಯಲ್ಲಿ ಆಮೆ ನಿಂತಿತ್ತು.

“ಸ್ವಾಮಿ, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕಾದ ಈ ಆಮೆ ಒಂದು ದಿನ ತಡವಾಗಿ ಬಂದಿದೆ,” ಎಂದು ಮರಕುಟಿಗ ವಾದಿಸಿತು.

“ನನ್ನ ಕೆರೆಯಿಂದ ಠಾಣೆಗೆ ಎಂಟು ದಿನದ ನಡಿಗೆ ಸ್ವಾಮಿ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ,” ಎಂದಿತು ಆಮೆ.

“ಷರತ್ತಿನಲ್ಲಿ ನಡಿಗೆಯ ಮಾತೇ ಇಲ್ಲ. ತಡವಾದದ್ದು ನಿಜವೋ ಸುಳ್ಳೋ, ಅಷ್ಟು ಹೇಳು,” ಎಂದಿತು ಮರಕುಟಿಗ.

“ನಿಜ.”

ನ್ಯಾಯಾಧೀಶ ಕರಡಿ ಆಕಳಿಸುತ್ತಲೇ ಪೆರೋಲ್ ರದ್ದು ಮಾಡಿ, “ಸಂಜೆಯೊಳಗೆ ಗುಡ್ಡದಾಚೆಯ ಜೈಲಿಗೆ ನಡೆದುಹೋಗಿ ಸೇರಿಕೋ,” ಎಂದು ಅಪ್ಪಣೆ ಕೊಟ್ಟಿತು.

ಆಮೆ ಬಾಗಿಲ ಕಡೆ ಹೊರಟಿತು. ಅದು ಬಾಗಿಲು ದಾಟುವಷ್ಟರಲ್ಲಿ ಮರಕುಟಿಗ ಹಿಗ್ಗಿನಿಂದ, ‘ತಲೆಮರೆಸಿಕೊಂಡ ಕೈದಿ’ ಎಂಬ ಹೊಸ ದೂರನ್ನು ಬರೆದು ಮುಗಿಸಿತ್ತು.