ಬಿದ್ದವನನ್ನು ಹೊರುವವರು

ದಳವಾಯಿ ಮುದ್ದರಸನಿಗೆ ಯುದ್ಧವೆಂದರೆ ಮರಳು ಹರಡಿದ ಹಲಗೆ, ಮರದ ಬೊಂಬೆ, ಒಂದು ದಾಳ. ಆಡಿ ಆಡಿ ಅವನೊಂದು ಸಂಗತಿ ಕಂಡುಕೊಂಡಿದ್ದ: ಹತ್ತು ಕಾಲಾಳುಗಳ ತಂಡ ಗೆಲ್ಲುವುದನ್ನು ಆರು ಜನರ ತಂಡವೂ ಗೆಲ್ಲುತ್ತದೆ. ಉಳಿದ ನಾಲ್ವರು ದಂಡ! ದೊರೆ ಒಪ್ಪಿದರೆ ಮುಂದಿನ ದಂಡಯಾತ್ರೆಗೂ ಆರಾರೇ ಜನ.

"ದೊರೆಗಳ ಮುಂದೆ ಆಡಿ ತೋರಿಸ್ತೀನಿ. ನೀನು ಬೊಂಬೆ ನಡೆಸು, ಬಾಯಿ ಬಿಚ್ಚಬೇಡ," ಎಂದ, ಬೊಂಬೆ ಕಾಯುವ ಕುಂಟ ಗಾದ್ರಪ್ಪನಿಗೆ.

ಹಿಂದೆ ಕಾಲಾಳಾಗಿದ್ದ ಗಾದ್ರಪ್ಪ ಆರು ಬೊಂಬೆ ಎಣಿಸಿ ನಿಲ್ಲಿಸಿದ. "ಆಗಲಿ ಬುದ್ಧಿ," ಎಂದ.

ದೊರೆ ಬಂದು ಕೂತರು. ದಾಳ ಉರುಳಿತು. ಆರರಲ್ಲಿ ಒಂದು ಬೊಂಬೆ ಬಿತ್ತು. ಗಾದ್ರಪ್ಪ ಅದನ್ನೂ, ಪಕ್ಕದಲ್ಲಿ ನಿಂತಿದ್ದ ಎರಡನ್ನೂ ಎತ್ತಿ ಹೊರಗಿಟ್ಟ. ಇನ್ನೊಂದು ಬಿತ್ತು. ಮತ್ತೆ ಹಾಗೇ ಮಾಡಿದ. ತಂಡವೇ ಖಾಲಿ.

ದೊರೆ ನಕ್ಕರು. ದಳವಾಯಿ ಕೆಂಡವಾದ. "ಲೋ, ನಿಂತವರನ್ನ ಯಾಕೋ ತೆಗೆದೆ?"

"ಗಾಯ ಆದೋನ್ನ ಹೊತ್ಕೊಂಡು ಬರಕ್ಕೆ ಇಬ್ಬರು ಬೇಕಲ್ಲ ಬುದ್ಧಿ. ಹತ್ತು ಜನ ಇದ್ರೆ ಮಿಕ್ಕೋರು ಕಾದಾಡ್ತಾರೆ."

"ಬಿದ್ದವನು ಅಲ್ಲೇ ಬಿದ್ದಿರ್ಲಿ! ಆಗ ಆರು ಜನವೇ ಗೆಲ್ತಾರೆ."

"ಗೆಲ್ತಾರೆ ಬುದ್ಧಿ. ನಾವೂ ಆರು ಜನ ಹೋಗಿ ಹಂಗೇ ಗೆದ್ವಿ." ಗಾದ್ರಪ್ಪ ಬಿದ್ದ ಬೊಂಬೆಯೊಂದನ್ನು ಎತ್ತಿಕೊಂಡು ಮರಳು ಒರೆಸಿದ. "ಬಿದ್ದೋನು ನನ್ನ ತಮ್ಮ. ನಾವು ದಾಟಿ ಮುಂದಕ್ಕೆ ಹೋದ್ರೂ 'ಅಣ್ಣಾ, ಅಣ್ಣಾ' ಅಂತ ಕೂಗ್ತಾನೇ ಇದ್ದ."

ದೊರೆಯ ನಗು ನಿಂತಿತು. ದಳವಾಯಿ ಬಗ್ಗಿ, ಬೊಂಬೆಗಳನ್ನು ಹತ್ತರ ಲೆಕ್ಕದಲ್ಲಿ ಮತ್ತೆ ನಿಲ್ಲಿಸತೊಡಗಿದ. ಒಂದು ಕಡಿಮೆ ಬಿತ್ತು.

ಅದು ಗಾದ್ರಪ್ಪನ ಕೈಯಲ್ಲಿತ್ತು. ಅವನು ಕೆಳಗಿಡಲಿಲ್ಲ.