ಕಂದು ತೆಗೆದ ಬೋರವ್ವ

ಒಂದಾನೊಂದು ಕಾಲದಲ್ಲಿ, ನೆಲಕ್ಕೆ ಬದಲು ಬಂಡೆಯೇ ಹಾಸಿಕೊಂಡಿದ್ದ ಒಂದು ಊರಿತ್ತಂತೆ. ಹಾಸುಬಂಡೆ ಅಂತ ಅದರ ಹೆಸರು. ಗುಳಿ ತೋಡೋಕೆ ಮಣ್ಣೇ ಇಲ್ಲ, ಅದಕ್ಕೆ ಅಲ್ಲಿ ಬೆಳೆಯೋದೆಲ್ಲ ಕುಂಡದಲ್ಲೇ ಬೆಳೀತಿತ್ತಂತೆ. ತುಳಸಿ ಕುಂಡದಲ್ಲಿ, ಮೆಣಸಿನ ಗಿಡ ಕುಂಡದಲ್ಲಿ, ದಂಟಿನ ಸೊಪ್ಪು ಬಾಯಿ ಒಡೆದ ಮಡಕೆಯಲ್ಲಿ. ಪುಟ್ಟೀ, ಕಾಲು ಒದೀಬೇಡ, ಹೊದ್ದುಕೋ, ಹೇಳ್ತೀನಿ.

ಆ ಊರಲ್ಲಿ ಬೋರವ್ವ ಅಂತ ಒಬ್ಬಳಿದ್ದಳಂತೆ. ಅವಳ ಅತ್ತೆ ಹೊಳೆ ಆಚೆಯ ಬಾಳೆತೋಟದ ಸೀಮೆಯಿಂದ ಬಂದವಳು, ಅದಕ್ಕೇ ಎಲ್ಲರೂ ಅವಳನ್ನ ತೋಟದಜ್ಜಿ ಅನ್ನೋರು. ತೋಟದಜ್ಜಿ ಮದುವೆಯಾಗಿ ಬರುವಾಗ ಮಡಿಲಲ್ಲಿ ಅಕ್ಕಿ ಕಾಯಿ ಜೊತೆ ಒಂದು ಪುಟ್ಟ ಕತ್ತಾಳೆ ಸಸಿ ಇಟ್ಟುಕೊಂಡು ಬಂದಿದ್ದಳಂತೆ. ಅದನ್ನ ತಳದಲ್ಲಿ ತೂತಿರೋ ದೊಡ್ಡ ಕುಂಡದಲ್ಲಿ, ಮರಳು ಬೆರೆಸಿದ ಮಣ್ಣಲ್ಲಿ ನೆಟ್ಟು, ಮಣ್ಣು ಪೂರಾ ಒಣಗಿದ ಮೇಲೇ ನೀರು ಹಾಕಿ ಬೆಳೆಸಿದಳಂತೆ. ಆಮೇಲೆ ಬಲಿತ ಎಲೆ ಜಜ್ಜಿ, ನಾರು ಬಿಡಿಸಿ, ಹೊಸೆದು, ಮಗನಿಗೆ ತೊಟ್ಟಿಲ ಹಗ್ಗ ಮಾಡಿದಳಂತೆ. ತವರಿನ ಗಿಡದ ಹಗ್ಗಕ್ಕೆ ಮಗು ಬೇಗ ನಿದ್ದೆ ಹೋಗುತ್ತೆ ಅಂತ ಅವಳ ಕಡೆಯವರ ನಂಬಿಕೆ. ಮಗು ನಡೆಯೋಕೆ ಕಲಿತ ಮೇಲೆ ಆ ಹಗ್ಗ ಬಿಚ್ಚಿ ಊರ ಬಾವಿಗೆ ಕೊಟ್ಟುಬಿಡಬೇಕು, ಇನ್ನೊಂದು ಮಗುವಿಗೆ ಹೊಸದೇ ಹೊಸೀಬೇಕು.

ತೋಟದಜ್ಜಿ ಸಾಯೋ ಹೊತ್ತಿಗೆ ಬೋರವ್ವನ್ನ ಹತ್ತಿರ ಕರೆದು, ಸೊಸೇ, ಕುಂಡ ನಿನ್ನ ಕೈಲಿ ಕೊಟ್ಟಿದ್ದೀನಿ, ಕಂದು ತೆಗೀತಾ ಇರವ್ವ, ಮರೀಬೇಡ, ಅಂದಳಂತೆ. ಬೋರವ್ವ ಹೂಂ ಅತ್ತೆ ಅಂದಳು. ಆಗ ಗಿಡದ ಬುಡದಲ್ಲಿ ಇನ್ನೂ ಒಂದು ಮರಿಯೂ ಇರಲಿಲ್ಲ.

ಬೋರವ್ವ ಮಾತು ತಪ್ಪಲಿಲ್ಲ. ಬೆಳಗ್ಗೆ ಎದ್ದು ಕಸ ಗುಡಿಸೋಕೂ ಮುಂಚೆ ಕುಂಡದ ಮುಂದೆ ಕೂತು, ಎಲೆಯ ಧೂಳು ಒರೆಸಿ, ಬುಡದಲ್ಲಿ ಎಲ್ಲಾದರೂ ಬಣ್ಣ ತಿರುಗಿ ಕಂದಿದ ಎಲೆ ಕಂಡರೆ ಮೆಲ್ಲಗೆ ಕಿತ್ತು ತೆಗೆಯೋಳಂತೆ. ಮುಳ್ಳು ಚುಚ್ಚೋದು, ಎಲೆಯ ರಸ ತಾಗಿ ಮೊಣಕೈ ತನಕ ಕೆರೆಯೋದು. ಆದರೂ ಬಿಡಲಿಲ್ಲ. ಅತ್ತೆ ಹೇಳಿದ್ದಾಳೆ, ಕಂದು ತೆಗೀಬೇಕು.

ಬೋರವ್ವನಿಗೆ ಮೂರು ಮಕ್ಕಳು ಹುಟ್ಟಿದವಂತೆ. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಮೂರನೆಯವಳು ಹೊನ್ನಿ, ಅವಳೊಬ್ಬಳು ಉಳಿದಳು. ಹೊನ್ನಿ ಅಂಬೆಗಾಲಿಡೋ ಕಾಲಕ್ಕೆ ಕತ್ತಾಳೆ ಬುಡದಲ್ಲೂ ಮಣ್ಣು ಸೀಳಿಕೊಂಡು ಒಂದು ಮರಿ ಎದ್ದಿತಂತೆ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಬೋರವ್ವನಿಗೆ ಹಿಗ್ಗೋ ಹಿಗ್ಗು. ಮೂರೂ ತಾಯಿಗೆ ಅಂಟಿಕೊಂಡೇ ಇರಲಿ ಅಂತ ದಿನಾ ಅವುಗಳ ತಲೆ ಸವರೋಳು.

ಆಮೇಲೆ ಒಂದು ದಿನ ಪಕ್ಕದ ಮನೆ ಸಿದ್ಲಿ ಬಂದಳಂತೆ, ಬಸುರಿ. ಅಕ್ಕಾ, ನಂಗೂ ಒಂದು ಮರಿ ಕೊಡೇ, ನಮ್ಮ ಮನೆ ತೊಟ್ಟಿಲಿಗೂ ಒಂದು ಹಗ್ಗ ಆಗಲಿ, ಅಂದಳಂತೆ. ಬೋರವ್ವ ಹೌಹಾರಿ, ಬಸುರಿ ಹೆಂಗಸಾಗಿ ತಾಯಿಂದ ಮರಿ ಕೀಳು ಅಂತೀಯಲ್ಲೇ, ಬಾಯಿ ಹೇಗೆ ಬಂತು ನಿಂಗೆ, ಅಂದುಬಿಟ್ಟಳಂತೆ. ಸಿದ್ಲಿ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಎದ್ದು ಹೋದಳು.

ಆಮೇಲೆ ಕುಂಬಾರ ಕೆಂಚಯ್ಯ ಬಂದನಂತೆ. ಕುಂಡದ ಮೇಲೆ ಬೆರಳಲ್ಲಿ ಟಕಟಕ ಬಡಿದು, ತಾಯೀ, ಒಳಗೆಲ್ಲ ಬರೀ ಬೇರು ತುಂಬಿದೆ, ಒಂದೆರಡು ಮರಿ ಬಿಡಿಸು, ಬೇರೆ ಕುಂಡ ನಾನು ತಂದುಕೊಡ್ತೀನಿ, ಅಂದ. ಬೋರವ್ವ ನಕ್ಕು, ನಿನ್ನ ಕುಂಡ ಖರ್ಚಾಗಲಿ ಅಂತ ನನ್ನ ಸಂಸಾರ ಒಡೀತೀಯೇನಪ್ಪಾ, ಅಂದಳಂತೆ. ಅವನೂ ನಕ್ಕ. ಹೋಗುವಾಗ ಮಾತ್ರ ಇನ್ನೊಂದು ಸಲ ತಿರುಗಿ ಕುಂಡ ನೋಡಿದ.

ಮೂರನೆಯ ಸಲ ಕೇಳಿದವಳು ಹೊನ್ನಿಯೇ. ಬೆಳೆದು ನಿಂತ ಹೊನ್ನಿಯನ್ನ ಅಜ್ಜಿಯ ಊರಿಗೇ, ಹೊಳೆ ಆಚೆಗೇ ಕೊಟ್ಟಿದ್ದರು. ಮಡಿಲು ತುಂಬಿಸಿಕೊಳ್ಳುವಾಗ ಹೊನ್ನಿ ಸೆರಗು ಹಿಡಿದು ನಿಂತು, ಅವ್ವಾ, ಅಜ್ಜಿ ತಂದ ಹಾಗೆ ನಾನೂ ಒಂದು ಮರಿ ಒಯ್ತೀನವ್ವಾ, ಅಂದಳಂತೆ. ಬೋರವ್ವ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಬೆಲ್ಲ ಇಟ್ಟಳು. ಹೆರಿಗೆಗೆ ಇಲ್ಲಿಗೇ ಬಾ ಮಗಳೇ, ಎಷ್ಟುದ್ದ ಬೇಕೋ ಅಷ್ಟುದ್ದ ಹಗ್ಗ ಹೊಸೆದು ಕೊಡ್ತೀನಿ, ಮರಿ ಮಾತ್ರ ಕೇಳಬೇಡ, ಅಂದಳು. ಹೊನ್ನಿ ಸೆರಗು ಕಟ್ಟಿಕೊಂಡು, ಆಯ್ತು ಬಿಡವ್ವ, ನಿನ್ನ ಮಕ್ಕಳು ನಿನ್ನ ಹತ್ತಿರವೇ ಇರಲಿ, ಅಂತ ಅಂದು ಹೊರಟಳಂತೆ. ತಿರುವಿನಲ್ಲಿ ತಿರುಗಿ ನೋಡಲಿಲ್ಲ.

ಆಮೇಲೆ ಹೊನ್ನಿ ಬಸುರಿಯಂತೆ ಅಂತ ಸುದ್ದಿ ಬಂತು. ಬೋರವ್ವ ಎಲೆ ಕುಯ್ದು, ಹಗ್ಗ ಹೊಸೆದು, ದಾರಿ ನೋಡ್ತಾ ಕೂತಳಂತೆ. ಹೊನ್ನಿ ಬರಲಿಲ್ಲ. ಹೆರಿಗೆ ಆಯ್ತಂತೆ, ಹೆಣ್ಣು ಮಗುವಂತೆ ಅಂತ ಇನ್ನೊಂದು ಸುದ್ದಿ ಬಂತು. ಹಗ್ಗ ಗೂಟಕ್ಕೇ ನೇತಾಡ್ತಾ ಉಳೀತು, ಇಲಿ ಕಡಿದು ಹಾಕಿದವು.

ಕೇಳ್ತಿದ್ದೀಯಾ ಪುಟ್ಟೀ? ಹೂಂ ಅನ್ನು.

ಆ ವರ್ಷವೇ ಕತ್ತಾಳೆ ನಡುವಿಂದ ಕಂಬದ ಹಾಗೆ ಒಂದು ಹೂದಂಡು ಎದ್ದು ಸೂರು ದಾಟಿ ಹೋಯ್ತಂತೆ. ಊರವರೆಲ್ಲ ತಲೆ ಎತ್ತಿ ನೋಡಿ, ಬೋರವ್ವನ ಕೈಗುಣ, ಅಂದರು. ಕತ್ತಾಳೆ ಹೂ ಬಿಡೋದು ಒಂದೇ ಸಲ, ಬಿಟ್ಟ ಮೇಲೆ ಬದುಕೋದಿಲ್ಲ ಅಂತ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೂ ಉದುರಿತು. ಆಮೇಲೆ ಕೆಳಗಿನ ಎಲೆ ಕಂದಿತು, ಬೋರವ್ವ ತೆಗೆದಳು. ಅದರ ಮೇಲಿನದು ಕಂದಿತು, ಅದನ್ನೂ ತೆಗೆದಳು. ಹೀಗೆ ಕಂದು ತೆಗೀತಾ ತೆಗೀತಾ ಒಂದು ಬೆಳಗ್ಗೆ ತೆಗೆಯೋಕೆ ಏನೂ ಉಳಿದಿರಲಿಲ್ಲವಂತೆ.

ಆ ಹೊತ್ತಿಗೆ ಕುಂಡವೂ ಸೀಳಿತ್ತು. ಬೋರವ್ವ ಅದನ್ನ ಒಡೆದು ನೋಡಿದರೆ ಒಳಗೆ ಮಣ್ಣೇ ಇಲ್ಲ, ಬರೀ ಬೇರು. ಒಂದು ಮರಿ ಕೊಳೆತು ಹೋಗಿತ್ತು. ಇನ್ನೊಂದು ಎತ್ತಿದ ಕೂಡಲೇ ಕೈಯಲ್ಲೇ ಉದುರಿತು. ಮೂರನೆಯದು ಮುಷ್ಟಿಯಷ್ಟೇ ಇತ್ತು, ಆದರೆ ಹಸುರಾಗಿತ್ತು. ಬೋರವ್ವ ಕುಡುಗೋಲು ತಂದು, ಸತ್ತ ತಾಯಿಗೆ ಅಂಟಿದ್ದ ಅದರ ಬೇರನ್ನ ಕೊಯ್ದಳಂತೆ. ಕೊಯ್ಯುವಾಗ ಕಣ್ಣು ಮುಚ್ಚಿಕೊಂಡಿದ್ದಳಂತೆ. ಆಮೇಲೆ ಅದನ್ನ ಮಡಿಲಲ್ಲಿ ಕಟ್ಟಿಕೊಂಡು ಹೊಳೆ ಆಚೆಗೆ ನಡೆದಳು.

ಹೋಗಿ ನೋಡಿದರೆ ಹೊನ್ನಿ ಬಾಳೆತೋಟದಲ್ಲಿದ್ದಾಳೆ. ಮಗು ಸೀರೆ ಜೋಲಿಯಲ್ಲಿ ಮಲಗಿದೆ. ಹೊನ್ನಿ ಹಾರೆ ಹಿಡಿದು ಬಾಳೆ ಬುಡ ಮೀಟ್ತಿದ್ದಾಳೆ. ಬೋರವ್ವ ಬದುವಿನ ಮೇಲೆ ನಿಂತು, ಏನ್ ಮಾಡ್ತಿದ್ದೀಯೇ, ಅಂದಳು. ಹೊನ್ನಿ ತಲೆ ಎತ್ತದೇ, ಕಾಣೋದಿಲ್ವಾ, ಕಂದು ತೆಗೀತಿದ್ದೀನಿ, ಅಂದಳಂತೆ.

ಬೋರವ್ವ ಒಣಗಿದ ಎಲೆ ಎಲ್ಲಿ ಅಂತ ಹುಡುಕಿದಳು. ಒಂದೂ ಇಲ್ಲ. ಹೊನ್ನಿ ಕೈಯಲ್ಲಿದ್ದದ್ದು ಎಳೇ ಹಸುರು ಬಾಳೆಮರಿ.

ಇದಾ ಕಂದು, ಅಂದಳಂತೆ ಬೋರವ್ವ.

ಹೂಂ ಅವ್ವ. ಇಲ್ಲಿ ಮರಿಗೆ ಹಾಗೇ ಅನ್ನೋದು. ತಾಯಿ ಬುಡದಲ್ಲೇ ಬಿಟ್ಟರೆ ಎರಡೂ ಸೊರಗುತ್ತವೆ, ಅಂತ ಹೇಳ್ತಿದ್ದ ಹೊನ್ನಿ ಅವ್ವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳಂತೆ. ಬೋರವ್ವ ಬದುವಿನ ಮೇಲೆ ಕುಸಿದು ಕೂತಿದ್ದಳು. ನಿಮ್ಮಜ್ಜಿ ಹೇಳಿದ್ದಳು ಮಗಳೇ, ಸಾಯುವಾಗಲೂ ಇದನ್ನೇ ಹೇಳಿದ್ದಳು, ನಾನು ಒಂದು ದಿನವೂ ತಪ್ಪಿಸಲಿಲ್ಲವಲ್ಲೇ, ಅಂತ ಅತ್ತಳಂತೆ.

ಹೊನ್ನಿ ಹಾರೆ ಕೆಳಗಿಟ್ಟು ಹತ್ತಿರ ಬಂದು, ಅವ್ವನ ಮಡಿಲು ಬಿಚ್ಚಿ ಮರಿ ನೋಡಿದಳು. ಕೊಯ್ದ ಜಾಗ ಮುಟ್ಟಿ ನೋಡಿ, ದಾರಿಯಲ್ಲೇ ಗಾಯ ಒಣಗಿದೆ, ಒಳ್ಳೇದಾಯ್ತು, ಹಸಿ ಗಾಯ ಮಣ್ಣಿಗೆ ಇಟ್ಟರೆ ಕೊಳೆಯುತ್ತೆ, ಅಂದಳಂತೆ. ಮಗುವನ್ನ ಜೋಲಿಯಿಂದ ಎತ್ತಿ ಅವ್ವನ ತೊಡೆ ಮೇಲೆ ಮಲಗಿಸಿ, ಕುಂಡ ತರೋಕೆ ಹೋದಳು.

ಆ ಮಗು ತವರಿನ ಹಗ್ಗದ ತೊಟ್ಟಿಲಲ್ಲಿ ಮಲಗಲೇ ಇಲ್ಲ. ಮರಿ ಬೇರು ಬಿಟ್ಟು, ಎಲೆ ಬಲಿತು, ನಾರು ಬರೋ ಹೊತ್ತಿಗೆ ಅವಳು ತೋಟದ ತುಂಬ ಓಡಾಡ್ತಿದ್ದಳಂತೆ. ಆ ಗಿಡದ ಮೊದಲ ಕಂದನ್ನ ಬೋರವ್ವ ತಾನೇ ಬಿಡಿಸಿ, ನೆರಳಲ್ಲಿ ಒಣಗಿಸಿ, ಹಾಸುಬಂಡೆಗೆ ಹೊತ್ತುಕೊಂಡು ಹೋಗಿ ಸಿದ್ಲಿಗೆ ಕೊಟ್ಟಳಂತೆ. ಸಿದ್ಲಿಯ ಮಗ ಆಗಲೇ ಕುರಿ ಕಾಯ್ತಿದ್ದ. ಈಗ ತಂದ್ಯಾ ಅಕ್ಕಾ, ಅಂತ ನಕ್ಕು, ಸೆರಗು ಒಡ್ಡಿದಳಂತೆ ಸಿದ್ಲಿ.

ಆಮೇಲೆ ಬೋರವ್ವ ಮಗಳ ಮನೆಗೆ ಬಂದು, ಹಗ್ಗ ಹೊಸೆದು, ಮಾವಿನ ಮರಕ್ಕೆ ಉಯ್ಯಾಲೆ ಕಟ್ಟಿ ಮೊಮ್ಮಗಳನ್ನ ತೂಗಿದಳಂತೆ. ತೂಗೋದು, ಬಿಡೋದು. ಪ್ರತಿ ಸಲ ಉಯ್ಯಾಲೆ ದೂರ ಹೋದಾಗ ಅವಳ ಕೈ ಹಾಗೇ ಗಾಳಿಯಲ್ಲಿ ನಿಂತಿರುತ್ತಿತ್ತಂತೆ, ಅದು ತಿರುಗಿ ಬರೋ ತನಕ.

ಉಯ್ಯಾಲೆ ನಿಂತಿತು, ಕುಂಡಕ್ಕೆ ನೀರು ಬಿತ್ತು, ಕತೆ ಮುಗೀತು. ನೀನಿನ್ನು ಮಲಕ್ಕೋ ನನ್ನ ಕಂದ.